ಸಾಬೂನಿನ ಹೊದಿಕೆಯ ಖಚಿತ ತೂಕ

ತೂಕ ಮತ್ತು ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಿರುವವನು ನಾನು. ನನ್ನನ್ನು ಕಂಡರೆ ಊರಿನ ತಕ್ಕಡಿಗಳೆಲ್ಲ ನೆಟ್ಟಗಾಗುತ್ತವೆ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ಕವಡೆ ಕಿಮ್ಮತ್ತೂ ಇಲ್ಲ. ಹಾಗಿರುವಾಗ ಕಳೆದ ಶುಕ್ರವಾರ ನನ್ನ ಹೆಂಡತಿ ತಾನಾಗಿಯೇ ಒಂದು ಫಾರಂ ಹಿಡಿದು ನನ್ನ ಕುರ್ಚಿಯ ಮುಂದೆ ಬಂದು ನಿಂತಳು ಎಂದರೆ ನನಗೆ ಎಷ್ಟು ಹಿಗ್ಗಾಗಿರಬೇಡ, ನೀವೇ ಯೋಚಿಸಿ.

ವಿಷಯ ಇಷ್ಟು. ಅವಳು ಹಿಂದಿನ ಕೋಣೆಯಲ್ಲಿ ಸಾಬೂನು ಮಾಡುತ್ತಾಳೆ. ನಿಂಬೆ, ಗುಲಾಬಿ, ಪುದೀನ ಎಂದು ಮೂರು ಬಗೆ. ಆರು ತಿಂಗಳು ಅಂಗಡಿ ಅಂಗಡಿ ಅಲೆದು ಚಪ್ಪಲಿ ಸವೆಸಿದ ಮೇಲೆ ದೊಡ್ಡ ಔಷಧಿ ಅಂಗಡಿಯ ಒಡತಿ ನೂರ ನಲವತ್ತನಾಲ್ಕು ಸಾಬೂನಿಗೆ ಒಪ್ಪಿದ್ದರು. ಶನಿವಾರ ನಾಲ್ಕು ಗಂಟೆಗೆ ಖುದ್ದಾಗಿ ಬಂದು ಒಯ್ಯುತ್ತಾರೆ. ಅಷ್ಟರಲ್ಲಿ ಅವರು ಕೊಟ್ಟ ಈ ಫಾರಂ ತುಂಬಿರಬೇಕು. ಸಾಬೂನಿನ ಯಾವ ಹೊದಿಕೆ ಕಡ್ಡಾಯ ಮರುಬಳಕೆ ಯೋಜನೆಯ ಅಡಿಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ, ಬರುವುದರ ತೂಕ ಎಷ್ಟು ಎಂದು ಅದರಲ್ಲಿ ಬರೆಯಬೇಕು.

“ರೀ, ಅಂದಾಜಿಗೆ ಏನಾದ್ರೂ ಬರ್ದುಕೊಡಿ, ಸಾಕು. ಇದೊಂದು ಕೈತಪ್ಪಿದ್ರೆ ನಾನು ಸಾಬೂನಿನ ಸಹವಾಸವೇ ಬೇಡ ಅಂತ ಬಿಟ್ಬಿಡ್ತೀನಿ.”

ಅವಳು ಸುಮ್ಮಸುಮ್ಮನೆ ಹಾಗೆ ಹೇಳುವವಳಲ್ಲ. ಆದರೆ ‘ಅಂದಾಜು’ ಎಂಬ ಮಾತು ಕಿವಿಗೆ ಬಿದ್ದು ಉಳಿದದ್ದನ್ನೆಲ್ಲ ಮರೆಸಿತು. (ನಮ್ಮ ಕಚೇರಿಯಲ್ಲಿ ಆ ಪದ ಬಳಸಿದವರಿಗೆ ಮೆಮೊ ಕೊಡುತ್ತಾರೆ.)

“ನೀನು ನಿಶ್ಚಿಂತೆಯಾಗಿರು. ಇದು ಪರಿಣತರ ಕೆಲಸ” ಎಂದೆ.

ನಿಯಮ ಓದಲು ಸುಲಭವಾಗಿತ್ತು. ಗಿರಾಕಿಯ ಮನೆ ಸೇರಿ ಅಲ್ಲಿ ಕಸದ ಬುಟ್ಟಿಗೆ ಬೀಳುವ ಹೊದಿಕೆ ಯೋಜನೆಯ ಒಳಗೆ. ಅಂಗಡಿಯಲ್ಲೇ ಬಿಚ್ಚಿ ಉಳಿಸಿಕೊಳ್ಳುವುದು ಹೊರಗೆ. ನಮ್ಮ ಸಾಬೂನಿಗೆ ಒಳಗೊಂದು ತೆಳು ಕಾಗದ, ಅದರ ಮೇಲೆ ರಟ್ಟಿನ ಡಬ್ಬಿ, ಡಬ್ಬಿಯ ಬಾಯಿಗೆ ಅಂಟು, ಸುತ್ತ ಸೆಣಬಿನ ದಾರ. ಎಲ್ಲವೂ ಒಳಗೇ ಎಂದು ನಾನು ತೀರ್ಪು ಕೊಡುವಷ್ಟರಲ್ಲಿ, ನಮ್ಮೊಂದಿಗೇ ಇರುವ ಅತ್ತೆ ಬಾಯಿ ಹಾಕಿದರು.

“ದಾರ ಹೇಗೆ ಕಸ ಆಗುತ್ತೆ ಅಳಿಯಂದ್ರೆ? ನಾನು ಇವತ್ತಿನವರೆಗೆ ಒಂದು ಗೇಣು ದಾರ ಬಿಸಾಕಿಲ್ಲ.”

“ನಿಯಮ ನಿಮ್ಮೊಬ್ಬರ ಮೇಲೆ ನಿಲ್ಲಲ್ಲ ಅತ್ತೆ. ಸಾಮಾನ್ಯ ಗಿರಾಕಿ ಏನು ಮಾಡ್ತಾನೆ ಅನ್ನೋದು ಮುಖ್ಯ.”

“ಸಾಮಾನ್ಯ ಗಿರಾಕಿನ ನೀವು ಕೇಳಿದ್ರಾ?”

ಮಾತಿನಲ್ಲಿ ನ್ಯಾಯವಿತ್ತು. ಸಾಬೂನು ಉಡುಗೊರೆ ಪಡೆದಿದ್ದ ನನ್ನ ಅಕ್ಕನಿಗೆ ಫೋನ್ ಮಾಡಿ ಡಬ್ಬಿಯನ್ನು ಏನು ಮಾಡಿದೆ ಎಂದು ವಿಚಾರಿಸಿದೆ. ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

“ಡಬ್ಬಿ ಹಾಗೇ ಇದೆಯಪ್ಪ, ಬೀರುವಿನಲ್ಲಿ. ಬಟ್ಟೆಗೆಲ್ಲ ಎಷ್ಟು ಚೆನ್ನಾಗಿ ವಾಸನೆ ಹಿಡಿದಿದೆ ಗೊತ್ತಾ.”

“ಒಳಗಿನ ಸಾಬೂನು?”

“ಅದೂ ಹಾಗೇ ಇದೆ. ಯಾರು ಬಿಚ್ತಾರೆ?”

ಹೆಂಡತಿ ಒಳಗೆ ಹೋದಳು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಹೊದಿಕೆಯನ್ನು ಕೂಲಂಕಷವಾಗಿ ವಿಂಗಡಿಸಬೇಕಾದರೆ ಸಂಬಂಧಿಕರ ಅಭಿಪ್ರಾಯ ಕೇಳಬಾರದು ಎಂದು ನಾನು ಅಂದೇ ಕಲಿತೆ. ದಾರವನ್ನು ‘ವಿವಾದಾಸ್ಪದ’ ಎಂದು ಬೇರೆ ಸಾಲಿನಲ್ಲಿ ಬರೆದುಕೊಂಡೆ.

ಉಳಿದದ್ದು ತೂಕ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೆಂಡತಿ ಹೊರಟಳು. ಸಾಬೂನು ತುಂಬಲು ದೊಡ್ಡ ರಟ್ಟಿನ ಪೆಟ್ಟಿಗೆ ತರಬೇಕಿತ್ತು, ಇಸ್ತ್ರಿಗೆ ಕೊಟ್ಟಿದ್ದ ಒಳ್ಳೆಯ ಬಟ್ಟೆ ತರಬೇಕಿತ್ತು. ಹೋಗುವಾಗ “ಫಾರಂ ಒಂದು ಮುಗಿಸಿಬಿಡಿ” ಎಂದಳು. ನಾನು ಬಾಗಿಲು ಹಾಕಿಕೊಂಡು, ನನ್ನ ಸ್ವಂತದ ಸಣ್ಣ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಮೊದಲನೆಯ ಡಬ್ಬಿ ಬಿಚ್ಚಿದೆ. ರಟ್ಟು ಹದಿನಾಲ್ಕು ಗ್ರಾಂ.

“ಆಯ್ತಲ್ಲ. ಅದನ್ನೇ ನೂರ ನಲವತ್ನಾಲ್ಕರಿಂದ ಗುಣಿಸಿ” ಎಂದರು ಅತ್ತೆ.

ಕುತೂಹಲಕ್ಕೆ ಎರಡನೆಯದನ್ನು ಬಿಚ್ಚಿದೆ. ಹದಿನಾಲ್ಕೂವರೆ. ಅಂಟು ಹೆಚ್ಚಾಗಿತ್ತು. ಮೂರನೆಯದು ಹದಿಮೂರು ಮುಕ್ಕಾಲು. ಇಲ್ಲಿಗೆ ನನ್ನ ವಿವೇಕ ಮುಗಿದು ಇಪ್ಪತ್ತೆರಡು ವರ್ಷದ ಸೇವೆ ಶುರುವಾಯಿತು. ಮೂರಕ್ಕೆ ಮೂರೂ ಬೇರೆ ಬೇರೆ ಬಂದ ಮೇಲೆ ಉಳಿದ ನೂರ ನಲವತ್ತೊಂದನ್ನು ಯಾವ ಮುಖ ಇಟ್ಟುಕೊಂಡು ನಂಬಲಿ? ಸುಳ್ಳು ತೂಕ ಬರೆದು ಕೆಳಗೆ ಸಹಿ ಹಾಕುವುದು ನನ್ನಿಂದಾಗದ ಕೆಲಸ.

ಎರಡೂವರೆ ಹೊತ್ತಿಗೆ ಮುಗಿಯಿತು. ರಟ್ಟು ಎರಡು ಕಿಲೋ ಮೂವತ್ತೊಂದು ಗ್ರಾಂ, ಕಾಗದ ಇನ್ನೂರ ಎಪ್ಪತ್ತನಾಲ್ಕು ಗ್ರಾಂ. ದಾರವನ್ನೆಲ್ಲ ಅತ್ತೆ ಉಂಡೆ ಸುತ್ತಿ ಸೆರಗಿನಲ್ಲಿಟ್ಟುಕೊಂಡಿದ್ದರು, ಕೊಡಲೊಪ್ಪಲಿಲ್ಲ. ಅಂಟು ಹಾಕಿದ ಡಬ್ಬಿಗಳು ಬಿಚ್ಚುವಾಗ ಹರಿದಿದ್ದವು. ಸಾಬೂನುಗಳು ಬಟ್ಟೆ ಬುಟ್ಟಿಯಲ್ಲಿ ಬರಿಮೈಯಲ್ಲಿ ರಾಶಿ ಬಿದ್ದಿದ್ದವು. ಫಾರಂ ಮಾತ್ರ ಮುತ್ತಿನಂಥ ಅಕ್ಷರದಲ್ಲಿ ಪೂರ್ತಿಯಾಗಿತ್ತು.

ಹೆಂಡತಿ ಬಂದು ಬಾಗಿಲಲ್ಲೇ ನಿಂತಳು.

“ಇದೇನು?”

“ಖಚಿತ ತೂಕ” ಎಂದೆ.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಪೆಟ್ಟಿಗೆಗಳನ್ನು ಕೆಳಗಿಟ್ಟು, ಇಸ್ತ್ರಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹರಿದ ಡಬ್ಬಿಗಳ ನಡುವೆ ಕೂತುಬಿಟ್ಟಳು. ಕಣ್ಣು ಒದ್ದೆಯಾಗಿತ್ತು. ಆಗ ನನಗೆ, ನಾನೊಬ್ಬ ಮುಠ್ಠಾಳ ಎಂದು ಮುದ್ರೆ ಒತ್ತಿದಷ್ಟು ಸ್ಪಷ್ಟವಾಗಿ ತಿಳಿಯಿತು.

“ಯಾವುದು ನಿಂಬೆ, ಯಾವುದು ಗುಲಾಬಿ, ಅದಾದ್ರೂ ಗೊತ್ತಿದೆಯಾ?” ಎಂದಳು.

ಗೊತ್ತಿರಲಿಲ್ಲ. ಬಣ್ಣ ಬೆರೆಸದಿರುವುದೇ ಅವಳ ಸಾಬೂನಿನ ಹೆಗ್ಗಳಿಕೆ, ಮೂರೂ ಒಂದೇ ಬಿಳಿ. ಒಂದನ್ನು ಮೂಸಿದೆ, ಮೂರೂ ವಾಸನೆ ಬಂತು. ಇನ್ನೊಂದನ್ನು ಮೂಸಿದೆ, ಸೀನು ಬಂತು.

“ಕೊಡಿ ಇಲ್ಲಿ.”

ಅವಳು ಮೂಸಲಿಲ್ಲ. ಒಂದೊಂದನ್ನೇ ಎತ್ತಿ ಹೆಬ್ಬೆರಳಿನಲ್ಲಿ ಅಂಚು ಸವರಿ ಮೂರು ಸಾಲಾಗಿ ಇಡುತ್ತ ಹೋದಳು. ನಿಂಬೆಯದು ಬೇಗ ಗಟ್ಟಿಯಾಗುತ್ತದಂತೆ, ಅಂಚು ಚೂಪು. ಗುಲಾಬಿಯದು ಕೈಗೆ ಕೊಂಚ ಜಿಡ್ಡು. ಎರಡೂ ಅಲ್ಲದ್ದು ಪುದೀನ. ಮುಕ್ಕಾಲು ಗಂಟೆಯಲ್ಲಿ ಸಾಲಿಗೆ ನಲವತ್ತೆಂಟರಂತೆ ಮೂರು ಸಾಲು ನಿಂತವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ಕೈಕಟ್ಟಿ ನೋಡುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದೂ ಅವಳ ಕೈಗೆ ಇಷ್ಟೆಲ್ಲ ಗೊತ್ತು ಎಂದು ನನಗೆ ಗೊತ್ತಿರಲಿಲ್ಲ. ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ನಾಲ್ಕಕ್ಕೆ ಸರಿಯಾಗಿ ಅಂಗಡಿಯ ಒಡತಿ ಬಂದರು. ಬರಿಮೈ ಸಾಬೂನು ನೋಡಿದರು, ಹರಿದ ರಟ್ಟಿನ ಗುಡ್ಡೆ ನೋಡಿದರು. ಹೆಂಡತಿ ಏನೋ ಹೇಳಲು ಹೊರಟಳು.

“ಹೊದಿಕೆ ಇಲ್ಲದೆ ಹೀಗೇ ಕೊಡ್ತೀರಾ?” ಎಂದು ಅವರೇ ಕೇಳಿದರು. “ಹಾಗಿದ್ರೆ ಫಾರಮ್ಮಿನಲ್ಲಿ ಏನೂ ಇಲ್ಲ ಅಂತ ಒಂದು ಗೀಟು ಎಳೀಬಹುದಲ್ಲ. ನಲವತ್ತು ಜನರ ಫಾರಂ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ ನನಗೆ. ಈ ಪೆಟ್ಟಿಗೆ ಬರೋ ವಾರ ವಾಪಸ್ ಕಳಿಸ್ತೀನಿ, ಅದರಲ್ಲೇ ಇನ್ನೂ ಮುನ್ನೂರು ತುಂಬಿ ಕೊಡಿ. ಹೀಗೇ ಇರ್ಲಿ.”

ನಾನು ಮುತ್ತಿನಂಥ ಅಕ್ಷರದ ಫಾರಂ ಮುಂದೆ ಚಾಚಿದೆ. ಅವರು ಓದದೆ ಮೂಲೆಯಿಂದ ಮೂಲೆಗೆ ಗೀಟು ಎಳೆದು ನನ್ನ ಕೈಗೇ ವಾಪಸು ಕೊಟ್ಟರು.

“ಇವರು ಯಾರು?”

“ನಮ್ಮ ಮನೆಯವರು. ಹೊದಿಕೆ ವಿಭಾಗ ನೋಡ್ಕೋತಿದ್ರು” ಎಂದಳು ಹೆಂಡತಿ.

“ಇನ್ನು ಹೊದಿಕೆಯೇ ಇಲ್ವಲ್ಲ?”

“ಹೌದು” ಎಂದು ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ದಿನ ಅವಳು ನಕ್ಕಿದ್ದು ಆಗಲೇ ಮೊದಲು.

ಅಂದಿನಿಂದ ನನ್ನನ್ನು ಹಿಂದಿನ ಕೋಣೆಗೆ ವರ್ಗ ಮಾಡಲಾಗಿದೆ. ಸಾಬೂನು ಕಾಯಿಸಿದ ಪಾತ್ರೆ ಉಜ್ಜುವ ಕೆಲಸ. ಮುನ್ನೂರು ಸಾಬೂನಿಗೆ ಒಂಬತ್ತು ಪಾತ್ರೆ, ತಳದಲ್ಲೆಲ್ಲ ಬೆರಳಷ್ಟು ದಪ್ಪ ಅಂಟಿರುತ್ತದೆ. ನಾನು ಉಜ್ಜಿಟ್ಟದ್ದನ್ನು ಅತ್ತೆ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ. ಒಂಬತ್ತರಲ್ಲಿ ಆರನ್ನಾದರೂ ಮತ್ತೆ ಉಜ್ಜಲು ಹಿಂದಿರುಗಿಸುತ್ತಾರೆ.