ವಲಿ ಸಾಹೇಬರ ಒಪ್ಪಿಗೆ

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಕೇಳಿದವರಲ್ಲ. ಸಾರಿಗೆ ಉಪ್ಪು ಸಾಕಾ ಎಂದೂ ಕೇಳುವುದಿಲ್ಲ. ಅಂಥವನಿಗೆ ಏಕಾಏಕಿ ಒಂದು ಪದವಿ ಬಂದರೆ ತಲೆ ನಿಲ್ಲುತ್ತದೆಯೇ?

ತೀರಿಕೊಂಡ ಅಣ್ಣನ ಮಗಳು ತಸ್ಕೀನ್ ನಮ್ಮ ಮಾರಿಕುಪ್ಪಂ ಮನೆಯಲ್ಲೇ ಬೆಳೆದವಳು. ಕೆಜಿಎಫ್‌ನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಗಂಡು ಹುಡುಕಲು ನಿಕಾಹ್ ಆ್ಯಪ್ ಸೇರಿದಳು. ಅದರಲ್ಲಿ ಹುಡುಗ ಹುಡುಗಿ ಚಾಟ್ ಮಾಡುವಾಗ ಹೆಣ್ಣಿನ ಕಡೆಯ ಹಿರಿಯನೊಬ್ಬ, ಅಂದರೆ ವಲಿ, ಜೊತೆಗಿರಬಹುದು. ತಂದೆಯಿಲ್ಲದ ಹುಡುಗಿಗೆ ಚಾಚಾನೇ ವಲಿ. ಸಾಕ್ಷಾತ್ ನಾನೇ!

ಬಂಗಾರಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಮುದಸ್ಸಿರ್ ಸಿಕ್ಕ. ನಾನು ವಿಚಾರಣೆ ಆರಂಭಿಸಿದೆ. ನಮಾಜು, ಸಕ್ಕರೆ ಕಾಯಿಲೆ, ಗೊರಕೆ, ಬಿರಿಯಾನಿಗೆ ಆಲೂಗಡ್ಡೆ ಹಾಕುವ ಚಾಳಿ, ಒಂದನ್ನೂ ಬಿಡಲಿಲ್ಲ. ತಸ್ಕೀನ್ ಬರೆಯಲು ತೊಡಗಿದಳೆಂದು ಫೋನು ತೋರಿಸಿದರೆ ಸಾಕು, ಅವಳಿಗಿಂತ ಮುಂಚೆ ನನ್ನ ಪ್ರಶ್ನೆ ಹೋಗುತ್ತಿತ್ತು. ಪಾಪ, ಹುಡುಗ ಎಲ್ಲಕ್ಕೂ ಉತ್ತರ ಕೊಟ್ಟ.

ಭಾನುವಾರ ಬಂದು ಮಾತು ಮುಗಿಸೋಣವೇ ಎಂದು ಅವನು ಕೇಳಿದಾಗ ತಸ್ಕೀನ್ ಚಪಾತಿ ಲಟ್ಟಿಸುತ್ತಿದ್ದಳು. ಒಪ್ಪಿಗೆಯಾ ಮಗಳೇ ಎಂದೆ. ತಲೆಯೆತ್ತಲಿಲ್ಲ, ಮಾತಾಡಲಿಲ್ಲ. ಕನ್ಯೆ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಹಿಂದಿನಿಂದ ಲೆಕ್ಕ. 'ಒಪ್ಪಿಗೆ, ಬನ್ನಿ' ಎಂದು ಬರೆದುಬಿಟ್ಟೆ.

ಭಾನುವಾರ ಹುಡುಗನ ಕಡೆಯವರು ರೈಲು ಹತ್ತಿದ ಸುದ್ದಿ ಬಂದ ಮೇಲೆ ತಸ್ಕೀನ್ ನನ್ನೆದುರು ನಿಂತಳು.

"ಚಾಚಾ, ನಾನು ಒಪ್ಪಿದೆ ಅಂತ ಯಾರು ಹೇಳಿದ್ದು?"

"ಸುಮ್ನಿದ್ಯಲ್ಲಮ್ಮಾ."

"ಕೋಪ ಬಂದು ಸುಮ್ನಿದ್ದೆ. ಅವರ ಜೊತೆ ಒಂದು ಮಾತು ಆಡಕ್ಕೆ ಬಿಟ್ರಾ ನನ್ನ? ಕೆಲಸ ಬಿಡು ಅಂತಾರೋ ಏನೋ, ಅದೂ ಗೊತ್ತಿಲ್ಲ. ನಾನು ಖಾಜಿ ಮುಂದೆ ಇಲ್ಲ ಅಂತೀನಿ."

ಹುಡುಗಿ ಒಪ್ಪದೆ ನಿಕಾಹ್ ಇಲ್ಲ. ಮಾತು ಕೊಟ್ಟವನು ನಾನು. ಬಾಗಿಲಲ್ಲಿ ನಿಂತು ವಾಪಸ್ ಹೋಗಿ ಎನ್ನಬೇಕಾದವನೂ ನಾನೇ. ಹೆಂಡತಿ ಖುರ್ಷೀದಾ ಕಡೆ ನೋಡಿದೆ. ಅವಳು ಬಿರಿಯಾನಿ ಪಾತ್ರೆಗೆ ದಮ್ ಕಟ್ಟುತ್ತಾ, ಈಗ ವಿಚಾರಣೆ ಮಾಡಿ ನೋಡೋಣ ಎಂದಳು. ಅಷ್ಟರಲ್ಲಿ ಬಾಗಿಲು ಬಡಿದರು.

ಬಂದವರು ಕೂತರು. ಹುಡುಗನ ತಾಯಿಯೇ ಮಾತು ತೆಗೆದರು. ಮಗನಿಗೆ ಚಾಚಾ ಎಲ್ಲಾ ರೀತಿಯಲ್ಲೂ ಹಿಡಿಸಿದ್ದಾರಂತೆ, ಹುಡುಗಿ ಹೇಗೆಂದು ಮಾತ್ರ ಇನ್ನೂ ತಿಳಿದಿಲ್ಲವಂತೆ. ಖುರ್ಷೀದಾ ಸೆರಗಿನಲ್ಲಿ ನಗು ಮುಚ್ಚಿಕೊಂಡು, ನಮಗೆಲ್ಲ ಕಾಣುವಂತೆ ಅವರಿಬ್ಬರನ್ನು ಜಗಲಿಯಲ್ಲಿ ಮಾತಿಗೆ ಕೂರಿಸಿದಳು.

ತಸ್ಕೀನ್ ನೇರವಾಗಿ ಕೇಳಿದಳು. "ಮದುವೆಯಾದ ಮೇಲೂ ದಿನಾ ರೈಲಲ್ಲಿ ಕೆಲಸಕ್ಕೆ ಬರ್ತೀನಿ. ನಿಮ್ಮ ಅಮ್ಮಿ ಬೇಡ ಅಂದ್ರೆ?"

ಹುಡುಗ ಬೆವರು ಒರೆಸಿಕೊಂಡ.

"ಅಮ್ಮಿಗೆ ನಾನು ಹೇಳ್ತೀನಿ" ಎಂದ.

"ಕೇಳಿಸ್ತು ಬಿಡು. ಬರ್ಲಿ" ಎಂದರು ಅಮ್ಮಿ ಒಳಗಿನಿಂದ.

ತಸ್ಕೀನ್ ನನ್ನ ಕಡೆಯೇ ನೋಡುತ್ತಾ, "ನನಗೆ ಒಪ್ಪಿಗೆ" ಎಂದು ಬೀದಿಗೆಲ್ಲಾ ಕೇಳಿಸುವಂತೆ ಹೇಳಿದಳು. ಆಮೇಲೆ ಒಂದು ಷರತ್ತು ಹಾಕಿದಳು. ಚಾಚಾ ಇವತ್ತೇ ಚಾಟ್ ಬಿಡಬೇಕು, ನಿಕಾಹ್ ದಿನದವರೆಗೂ ಹುಡುಗನನ್ನು ಏನೂ ಕೇಳಬಾರದು.

ಇದೆಂಥ ಅನ್ಯಾಯ ಎಂದು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡಿದರು. ಮಾತು ಹೊರಡಲಿಲ್ಲ.

ಖುರ್ಷೀದಾ ಬೀಗಿತ್ತಿಯ ಕಡೆ ತಿರುಗಿದಳು. "ಸುಮ್ನಿದ್ದಾರೆ ನೋಡಿ. ಅಂದ್ರೆ ಒಪ್ಪಿಗೆ."