ಬಂಡೆ ಮೇಲಿನ ಚಿರತೆ ಬ್ಯಾಡ!

ಹಂಪಿ ಸೀಮೆಯಲ್ಲಿ ಹುಟ್ಟಿ ಬೆಳೆದು ಬಂಡೆಗಲ್ಲನ್ನೇ ಹಗೆಯೆಂದು ತಿಳಿದ ಏಕೈಕ ಮನುಷ್ಯ ನಮ್ಮ ಸೋದರಮಾವ! ಮೀನು ನೀರಿನ ಮೇಲೆ ಮುನಿಸಿಕೊಂಡಂತೆ. ಕಾರಣವೇನೋ ಘನವಾದದ್ದೇ. ಕಂಪ್ಲಿಯ ಅಕ್ಕಿ ಗಿರಣಿಯನ್ನು ತಮ್ಮನಿಗೊಪ್ಪಿಸಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ದಿನವೇ ಅವರು ಸಂಕಲ್ಪ ಮಾಡಿದ್ದರು: ತೆಗೆದರೆ ಮರದ ಮೇಲೆ ಮಲಗಿದ ಚಿರತೆಯ ಫೋಟೋ, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆಯ ಚಿರತೆಗಳೋ, ಎಲ್ಲಿ ನೋಡಿದರೂ ಬಂಡೆಗಳಿರುವಾಗ ಮರ ಹತ್ತುವ ದಂಡ ಯಾಕೆ ತೆತ್ತಾವು?

ಒಮ್ಮೆ ಹಂಪಿಯ ಹಿಂದಿನ ಗುಡ್ಡದಲ್ಲಿ ಗಂಡು ಚಿರತೆಯೊಂದು ಸಂಜೆ ಬಿಸಿಲಿಗೆ ಬಂಡೆಯ ಮೇಲೆ ಕೂತಿತ್ತು. ಸ್ಟುಡಿಯೋದಲ್ಲಿ ಮದುಮಗ ಕೂತ ಹಾಗೆ! ಮಾವ ಲೆನ್ಸಿನ ಮುಚ್ಚಳವನ್ನೂ ತೆಗೆಯಲಿಲ್ಲ.

"ಹೊಡೀರಿ ಮಾವ, ಜಲ್ದಿ!"

"ಬಂಡೆ ಮ್ಯಾಲ ಕುಂತಿದ್ದನ್ನ ಯಾವನಾರ ಹೊಡೀತಾನಲೇ. ಮರ ಹತ್ತಿದ ಮ್ಯಾಲ ಹೇಳು."

ಚಿರತೆ ಆಕಳಿಸಿ ಎದ್ದು ಹೋಯಿತು. ಅದಕ್ಕೂ ಅವಮಾನವಾಗಿರಬೇಕು.

ಸಂಡೂರಿನ ಗುಡ್ಡದಲ್ಲಾದದ್ದು ಇನ್ನೂ ಗಂಭೀರ. ದೂರದ ಹುಣಸೆಮರದಲ್ಲಿ ಏನೋ ಕರ್ರಗೆ ಜೋತುಬಿದ್ದಿತ್ತು. ಕರಿಚಿರತೆ! ಮಾವ ಉಸಿರು ಹಿಡಿದು ಇನ್ನೂರು ಫೋಟೋ ಹೊಡೆದರು. ಫೋನಿನಲ್ಲೂ ಒಂದು ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟರು. ಅತ್ತೆಯ ಉತ್ತರ ಕೂಡಲೇ ಬಂತು: "ಚಿರತಿಗೆ ಗೊಂಡೆ ಯಾವಾಗ ಬಂದಾವ್ರಿ?" ಅಷ್ಟರಲ್ಲಿ ಕುರಿ ಕಾಯುವ ಅಜ್ಜನೊಬ್ಬ ಬಂದು, ಚಿರತೆಯನ್ನು ಎಳೆದು, ಕೊಡವಿ, ಹೆಗಲಿಗೆ ಹಾಕಿಕೊಂಡ. "ಕಂಬಳಿ ಒಣಗಾಕ ಹಾಕಿದ್ನ್ರಿ. ನಿಮ್ಮ ಫೋಟೋದಾಗ ಒಣಗೇತೇನ್ರಿ?"

ಮನೆಮಂದಿ ಬಿಟ್ಟಾರೆಯೇ? ಮಾವ ಹೊಸ್ತಿಲು ತುಳಿದರೆ ಸಾಕು, "ಇವತ್ತ ಕಂಬಳಿನೋ ದುಪ್ಪಟಿನೋ?" ಮಾವನೂ ನಗುತ್ತಿದ್ದರು, ಆದರೆ ಒಳಗೆ ಚುಚ್ಚುತ್ತಿತ್ತು. "ಒಂದ್ ಸಿಗ್ಲಿ, ಗಿರಣಿ ಬಾಗಿಲ ಮ್ಯಾಲ ಫ್ರೇಮ್ ಹಾಕಿಸ್ತೀನಿ. ಎಲ್ಲಾರ ಬಾಯಿ ಬಂದ್!"

ಕಳೆದ ತಿಂಗಳು ಸಿಕ್ಕಿತು! ಕಮಲಾಪುರದಾಚೆ, ಹೊಲಗದ್ದೆಗಳಿಂದ ದೂರದ ಗುಡ್ಡದ ಬುಡದಲ್ಲಿ ಒಂಟಿ ಬೇವಿನಮರ. ಅಡ್ಡ ಕೊಂಬೆಗೆ ಎದೆಯೊತ್ತಿ, ನಾಲ್ಕೂ ಕಾಲು ಇಳಿಬಿಟ್ಟು, ಮಧ್ಯಾಹ್ನದ ನಿದ್ದೆ. ಮಾವ ತೆಗೆದದ್ದು ಒಂದೇ ಫೋಟೋ. ಅದನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿದರು. ಹಾಲು ತುಂಬಿ ಬಾತ ಮೊಲೆಗಳು. ಕೆಳಗಿನ ಕಲ್ಲುಸಂದಿಯಿಂದ ಬೆಕ್ಕಿನ ಮರಿಯಂಥ ದನಿ.

ಪರದೆಯ ಮೇಲಿನ ಫೋಟೋವನ್ನೇ ಹಿಡಿದು ಗುಂಪಿಗೆ ಹಾಕಲು ನಾನು ಫೋನ್ ತೆಗೆದೆ. ಮಾವ ಅದರ ಮೇಲೆ ಅಂಗೈ ಇಟ್ಟರು.

"ಬ್ಯಾಡ. ಹಿಂದ ಗುಡ್ಡದ ಗುರುತೈತಿ. ನಾಳಿಗೆ ಊರಿಗೂರೇ ಜೀಪ್ ಕಟ್ಕೊಂಡು ಬರ್ತೈತಿ. ಮರಿ ಕಚ್ಕೊಂಡು ಅಕಿ ಎಲ್ಲಿಗೆ ಹೋಗ್ಬೇಕು?"

"ಮತ್ತ ನಿಮ್ಮ ಫ್ರೇಮ್?"

"ಬಾಣಂತಿ ಮಲಗೋ ಕೋಣಿ ಊರಿಗೆ ತೋರಿಸ್ತಾರೇನಲೇ?"

ಹೇಳಿದವರೇ ಆ ಒಂದು ಫೋಟೋವನ್ನೂ ಅಳಿಸಿದರು.

ಊಟದ ಹೊತ್ತಿಗೆ ಮನೆಯವರೆಲ್ಲ ಕೇಳಿದರು. "ಏನೂ ಸಿಗ್ಲಿಲ್ಲ," ಎಂದರು ಮಾವ. ಪಡಸಾಲೆಯ ತುಂಬ ನಗೆ. ಅತ್ತೆಯೊಬ್ಬರೇ ನಗಲಿಲ್ಲ. ರೊಟ್ಟಿ ನೀಡುತ್ತ ಅವರ ಮುಖವನ್ನೇ ನೋಡಿ, ಮೆಲ್ಲಗೆ ಅಂದರು:

"ನಮ್ಮ ಮಗಳು ಹಡದ ದಿನ ಹಿಂಗ ಇತ್ತಲ್ರಿ, ನಿಮ್ಮ ಮಾರಿ."