ಕಾಲೇಜು ಹತ್ತಿರ ಬಂದರೂ ಬೇಡ ಎಂದವನು

ಬೆಳ್ತಂಗಡಿಯ ಸಸ್ಯಶಾಸ್ತ್ರ ವಿಭಾಗ ಉಳಿದದ್ದು ನನ್ನ ತಮ್ಮನ ಬುದ್ಧಿವಂತಿಕೆಯಿಂದ ಅಲ್ಲ. ಅವನ ಕಾಟ ತಡೆಯಲಾರದೆ ಮೇಲಿನವರು ಕೈಮುಗಿದರು, ಅಷ್ಟೇ!

ಕಾಟ ಎಂಥದ್ದೆಂದು ನನ್ನನ್ನು ಕೇಳಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆದ ಇವನಿಗೆ ಯಾರನ್ನೂ ಕೇಳದೆ ಏನನ್ನೂ ಮಾಡಲು ಬರುವುದಿಲ್ಲ. ಮೂಡುಬಿದಿರೆ ಪಕ್ಕದ ಪುತ್ತಿಗೆಯ ನಮ್ಮ ಮನೆಗೆ ಬಣ್ಣ ಬಳಿಯುವಾಗ ನನ್ನನ್ನು, ನನ್ನ ಮಗಳನ್ನು, ಮೊಮ್ಮಗಳನ್ನು ಕೂರಿಸಿ ಮೀಟಿಂಗ್ ಮಾಡಿದ. ಮುಗಿಯಿತು ಅನ್ನುವಾಗ, "ಹೊರಗಿನ ಗೋಡೆ ದಿನಾ ನೋಡುವುದು ನೆರೆಮನೆಯವರಲ್ವಾ ಅಕ್ಕ?" ಎಂದು ಅವರನ್ನೂ ಕರೆತಂದ. ಅವರು ಗುಲಾಬಿ ಅಂದರು. ನಾವೀಗ ಗುಲಾಬಿ ಮನೆಯಲ್ಲಿದ್ದೇವೆ!

ಇಂಥವನ ಕೈಗೆ ಒಂದು ಸುತ್ತೋಲೆ ಬಂತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮೂರು ಕಡೆಯೂ ಇವನ ಯೂನಿವರ್ಸಿಟಿಯ ಕಾಲೇಜು ಉಂಟು. ಸಸ್ಯಶಾಸ್ತ್ರ ವಿಭಾಗ ಮೂರಕ್ಕೂ ಒಂದೇ. ಲೆಕ್ಚರರ್‌ಗಳು ಬಸ್ಸಿನಲ್ಲಿ ಅಲ್ಲಿಗೂ ಇಲ್ಲಿಗೂ ಓಡಾಡುವುದು. ಇನ್ನು ಎಲ್ಲವೂ ಮೂಡುಬಿದಿರೆಯಲ್ಲೇ, ಮಕ್ಕಳೇ ಬರಲಿ ಅಂತ ಆಜ್ಞೆ. ಮಂಡಿನೋವಿನ ಇವನಿಗೆ ಮನೆಯಿಂದ ಹತ್ತು ನಿಮಿಷದ ದಾರಿ! ನಾನು ಪಾಯಸ ಮಾಡಿದೆ. ಇವನು ಮುಖ ಊದಿಸಿ ಕೂತ.

"ಎಂಥ ಆಯ್ತು ಮಾರಾಯ?"

"ನಮ್ಮನ್ನು ಒಂದು ಮಾತು ಕೇಳಲಿಲ್ಲ ಅಕ್ಕ."

"ಕೇಳಿದ್ದರೆ ಎಂಥ ಹೇಳ್ತಿದ್ದೆ?"

"ಬೇಡ ಅಂತ."

ಇವನಿಗೆ ತಲೆ ಸರಿ ಉಂಟಾ?

"ಮುಂಡಾಜೆಯ ಆಚೆಯ ಹುಡುಗಿಯರು ಬೆಳ್ತಂಗಡಿಗೆ ಮುಟ್ಟುವುದೇ ಕಷ್ಟ. ಮೂಡುಬಿದಿರೆ ಅಂದರೆ ಮನೆಯವರು ಓದೇ ಬಿಡಿಸ್ತಾರೆ."

ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದು ಶಾಲೆ ದೂರ ಅಂತಲೇ. ನಾನು ಪಾಯಸದ ಪಾತ್ರೆಗೆ ಮುಚ್ಚಳ ಹಾಕಿದೆ.

ಆದಿತ್ಯವಾರ ಮೂರೂ ಕಡೆಯ ಲೆಕ್ಚರರ್‌ಗಳನ್ನು ನಮ್ಮ ಚಾವಡಿಗೆ ಕರೆದ. ಬಂಟ್ವಾಳದವರು ವಿಭಾಗ ಬಂಟ್ವಾಳಕ್ಕೇ ಬರಲಿ ಅಂದರು. ಬೆಳ್ತಂಗಡಿಯವರು ಬೆಳ್ತಂಗಡಿಗೆ. ಮೂಡುಬಿದಿರೆಯವರು ಅವಲಕ್ಕಿ ತಿನ್ನುತ್ತ ಕೂತರು. ಅವರಿಗೆ ಎಂಥ ಚಿಂತೆ? ಮೂರನೇ ಸಲ ಚಾ ಕೊಡುವಾಗ ನನಗೆ ಸಾಕಾಯಿತು.

"ಆ ಹುಡುಗಿಯರನ್ನು ಯಾರಾದರೂ ಕೇಳಿದ್ದೀರಾ?"

ಎಲ್ಲರೂ ನನ್ನ ತಮ್ಮನ ಮುಖ ನೋಡಿದರು. ಗೋಡೆಯ ಬಣ್ಣಕ್ಕೆ ನೆರೆಮನೆ ಹತ್ತಿದವನು ಇದನ್ನು ಮರೆತಿದ್ದ!

ಮರುವಾರ ಎಲ್ಲರೂ ಬೆಳ್ತಂಗಡಿಗೆ ಹೋಗಿ ಕೇಳಿದರು. "ಲ್ಯಾಬಿನ ದೊಡ್ಡ ಮಿಷನ್ನೆಲ್ಲ ಮೂಡುಬಿದಿರೆಯಲ್ಲೇ ಇರಲಿ ಸರ್, ತಿಂಗಳಿಗೊಮ್ಮೆ ಬರ್ತೇವೆ. ದಿನದ ಪಾಠ ಮಾತ್ರ ಇಲ್ಲೇ ಆಗಬೇಕು" ಅಂದರಂತೆ ಹುಡುಗಿಯರು. ಇಷ್ಟು ಸುಲಭದ ಮಾತು ಅಷ್ಟು ಓದಿದವರಿಗೆ ಹೊಳೆಯಲಿಲ್ಲ ನೋಡಿ! ಅದನ್ನೇ ಬರೆದು ಎಲ್ಲರೂ ಸಹಿ ಹಾಕಿದರು. ತಮ್ಮ ಆ ಕಾಗದ ಹಿಡಿದು ಯೂನಿವರ್ಸಿಟಿ ಆಫೀಸಿಗೆ ಎಷ್ಟು ಸಲ ಹೋದನೆಂದರೆ, ಅಲ್ಲಿನ ಪ್ಯೂನ್ ಇವನಿಗೆ ಕುರ್ಚಿ ಹಾಕಿಯೇ ಇಡುತ್ತಿದ್ದ. ಕಡೆಗೆ ಆಜ್ಞೆ ಬದಲಾಯಿತು.

ಅಲ್ಲಿನವರಷ್ಟೇ ಸಾಲದು, ಇಲ್ಲಿಂದ ಬೆಳ್ತಂಗಡಿಗೆ ವಾರಕ್ಕೆ ನಾಲ್ಕು ದಿನ ಹೋಗುವವರು ಯಾರು? ಎಲ್ಲರೂ ಫ್ಯಾನು ನೋಡಿದರಂತೆ. ಇವನು ನಾನು ಹೋಗ್ತೇನೆ ಅಂತ ಕೈ ಎತ್ತಿ ಬಂದ.

"ಎಲ್ಲರನ್ನೂ ಕೇಳ್ತೀಯಲ್ಲ, ನಿನ್ನ ಮಂಡಿಯನ್ನು ಕೇಳಿದೆಯಾ?" ಎಂದು ಚೆನ್ನಾಗಿ ಬೈದೆ. ನಕ್ಕು ಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದ.

ಮರುದಿನ ಬೆಳಿಗ್ಗೆ ನಾನು ಅವನಿಗಿಂತ ಮೊದಲೇ ಮೂಡುಬಿದಿರೆ ಬಸ್ ಸ್ಟ್ಯಾಂಡಿಗೆ ಹೋದೆ. ವೇಣೂರಿನ ಮೇಲೆ ಬೆಳ್ತಂಗಡಿಗೆ ಹೋಗುವ ಬಸ್ಸು ನಿಲ್ಲುವ ಮೊದಲೇ, ಕಾಲು ಚಾಚಲು ಜಾಗ ಇರುವ ಮುಂದಿನ ಸೀಟಿಗೆ ಕಿಟಕಿಯಿಂದ ನನ್ನ ಮುಖ ಒರಸುವ ಬೈರಾಸು ಎಸೆದೆ.